ಮದುವೆಗೆ ಬಂದ ಮಗ ವಾಪಸು ಹೋಗಬಹುದೇ? ವೀಸಾ, ಪಿಆರ್ ಕುರಿತು ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಹೊರದೇಶದ ಕೆಲಸದ ವೀಸಾ ಮತ್ತು ಕಾಯಂ ವಾಸದ ಅನುಮತಿಗೆ (ಪಿಆರ್) ಸಂಬಂಧಿಸಿದವು. 2025ರಿಂದೀಚೆಗೆ ಅಮೆರಿಕ, ಬ್ರಿಟನ್, ಕೆನಡಾ ಮೂರೂ ತಮ್ಮ ನಿಯಮಗಳನ್ನು ಬಿಗಿ ಮಾಡಿವೆ. ಬೆಂಗಳೂರಿನಲ್ಲಿ ಒಬ್ಬರಾದರೂ ಹೊರಗೆ ಇಲ್ಲದ ಮನೆ ಸಿಗುವುದು ಕಷ್ಟ, ಹೀಗಾಗಿ ಈ ಆತಂಕ ಸಹಜ. ಆದರೆ ಪತ್ರಗಳನ್ನು ಒಂದೊಂದಾಗಿ ಓದಿದಾಗ, ಭಯದ ಹೆಚ್ಚಿನ ಪಾಲು ವಾಟ್ಸ್ಆ್ಯಪ್‌ನಲ್ಲಿ ಬಂದ ಅರ್ಧ ಸುದ್ದಿಯಿಂದ ಹುಟ್ಟಿದ್ದೆಂದು ನನಗೆ ಅನ್ನಿಸಿತು. ಒಂದು ಸರ್ಕಾರ ಪ್ರಸ್ತಾವ ಮಾಡುವುದು ಬೇರೆ, ಅದು ಜಾರಿಗೆ ಬರುವುದು ಬೇರೆ, ಜಾರಿಗೆ ಬಂದದ್ದು ನಮಗೆ ಅನ್ವಯವಾಗುವುದು ಇನ್ನೂ ಬೇರೆ. ಆದ್ದರಿಂದ ಯಾವ ದಿನಾಂಕದಿಂದ, ಯಾರಿಗೆ ಎಂಬುದನ್ನು ಪ್ರತಿ ಉತ್ತರದಲ್ಲೂ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಬಡಾವಣೆಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗ ಡಲ್ಲಾಸ್‌ನಲ್ಲಿ ಒಂಬತ್ತು ವರ್ಷದಿಂದ ಎಚ್-1ಬಿ ಎಂಬ ಅಮೆರಿಕದ ಕೆಲಸದ ವೀಸಾದಲ್ಲಿ ಕೆಲಸ ಮಾಡುತ್ತಿದ್ದಾನೆ. ಮಗಳ ಮದುವೆ ನಿಶ್ಚಯವಾಗಿ ಜಯನಗರದಲ್ಲಿ ಛತ್ರವೂ ಗೊತ್ತಾಗಿದೆ. ಲಾಜಾಹೋಮಕ್ಕೆ ಅರಳು ಹಾಕಲು ಅಣ್ಣನೇ ಬರಬೇಕೆಂದು ಮಗಳ ಹಟ. ಬಂದರೆ ವಾಪಸು ಹೋಗಲು ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ಬೀಗರ ಕಡೆಯವರು ಹೇಳುತ್ತಿದ್ದಾರೆ. ಇದು ನಿಜವೇ? (ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ)

ಉತ್ತರ: ಒಂದು ಲಕ್ಷ ಡಾಲರಿನ ವಿಷಯದಲ್ಲಿ ನೀವು ನಿಶ್ಚಿಂತರಾಗಿರಬಹುದು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶ ಸೆಪ್ಟೆಂಬರ್ 21ರಿಂದ 12 ತಿಂಗಳ ಅವಧಿಗೆ ಜಾರಿಗೆ ಬಂತು; ಆ ದಿನದ ನಂತರ ಸಲ್ಲಿಕೆಯಾಗುವ ಹೊಸ ಅರ್ಜಿಗಳಿಗೆ, ಮುಖ್ಯವಾಗಿ ಅಮೆರಿಕದ ಹೊರಗಿದ್ದು ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರ ಅರ್ಜಿಗಳಿಗೆ, ಆ ಶುಲ್ಕ ಬೀಳುತ್ತದೆ. ಅಲ್ಲಿಯೇ ಇದ್ದುಕೊಂಡು ಅವಧಿ ವಿಸ್ತರಿಸಿಕೊಂಡವರಿಗೆ ಅದು ಅನ್ವಯಿಸುವುದಿಲ್ಲ, ಅಂಥವರು ನಂತರ ಊರಿಗೆ ಬಂದು ವೀಸಾ ಮುದ್ರೆ ಹಾಕಿಸಿಕೊಂಡು ಮರಳಿದರೂ ಅನ್ವಯಿಸುವುದಿಲ್ಲ ಎಂದು ಅಲ್ಲಿನ ವಲಸೆ ಇಲಾಖೆ ಅದೇ ಅಕ್ಟೋಬರ್ 20ರಂದು ಸ್ಪಷ್ಟಪಡಿಸಿದೆ. ಒಂಬತ್ತು ವರ್ಷ ಆಗಿದೆ ಎಂದರೆ ನಿಮ್ಮ ಮಗ ಆರು ವರ್ಷದ ಮಿತಿ ದಾಟಿ, ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ವಾಸದ ಅನುಮತಿ) ಅರ್ಜಿಯ ಬಲದ ಮೇಲೆ ವಿಸ್ತರಣೆ ಪಡೆದವರೇ ಆಗಿರಬೇಕು.

ನಿಜವಾದ ತೊಂದರೆ ಬೇರೆ ಕಡೆ ಇದೆ, ಅದನ್ನು ಬೀಗರು ಹೇಳಿಲ್ಲ. ಮಗನಿಗೆ ಫೋನ್ ಮಾಡಿ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಪುಟದ ಫೋಟೊ ಕಳುಹಿಸಲು ಹೇಳಿ. ಅದರ ಕೆಳಭಾಗದಲ್ಲಿ ಬಲಗಡೆಗೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅನೇಕರ ವಿಷಯದಲ್ಲಿ ಆ ದಿನಾಂಕ ಮುಗಿದು ವರ್ಷಗಳೇ ಆಗಿರುತ್ತವೆ, ಆದರೂ ಅವರು ಅಲ್ಲಿ ಸಂಪೂರ್ಣ ಕಾನೂನುಬದ್ಧವಾಗಿಯೇ ಇರುತ್ತಾರೆ. ಏಕೆಂದರೆ ವೀಸಾ ಎಂಬುದು ಬಾಗಿಲ ತನಕ ಹೋಗಲು ಕೊಟ್ಟ ಚೀಟಿ ಮಾತ್ರ, ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ನಿರ್ಧರಿಸುವುದು ಐ-94 ಎಂಬ ದಾಖಲೆ. ಒಮ್ಮೆ ಹೊರಬಿದ್ದ ಮೇಲೆ ಮಾತ್ರ ಹೊಸ ಚೀಟಿ ಬೇಕೇ ಬೇಕು.

ಆ ಚೀಟಿ ಪಡೆಯುವ ದಾರಿ ಈಚೆಗೆ ಬಹಳ ಕಿರಿದಾಗಿದೆ. ಸಂದರ್ಶನವಿಲ್ಲದೆ ಪಾಸ್‌ಪೋರ್ಟನ್ನು ಡ್ರಾಪ್‌ಬಾಕ್ಸ್‌ಗೆ ಹಾಕಿ ನವೀಕರಿಸಿಕೊಳ್ಳುವ ಸೌಲಭ್ಯ 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿಯವರಿಗೆ ಇಲ್ಲ. ಬೇರೆ ದೇಶಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದವರಿಗೂ, ತಾಯ್ನಾಡಿನಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬ ನಿಯಮ ಅದೇ ತಿಂಗಳು ಬಂತು. ಡಿಸೆಂಬರ್ 15ರಿಂದ ಎಚ್-1ಬಿ ಹಾಗೂ ಅವರ ಕುಟುಂಬದ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲಿಸುವ ಕ್ರಮ ಶುರುವಾಯಿತು. ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಇದರಿಂದ ಭಾರತದಲ್ಲಿ ಡಿಸೆಂಬರಿಗೆ ನಿಗದಿಯಾಗಿದ್ದ ಸಂದರ್ಶನಗಳು ಹಲವು ತಿಂಗಳು ಮುಂದಕ್ಕೆ ಹೋದವು. ಎರಡು ವಾರದ ರಜೆಗೆಂದು ಬಂದವರು ಹೆಂಡತಿ ಮಕ್ಕಳನ್ನು ಅಲ್ಲಿ ಬಿಟ್ಟು ಇಲ್ಲಿ ತಂದೆತಾಯಿಯ ಮನೆಯಲ್ಲಿ ಕೂರಬೇಕಾಯಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ವೀಸಾ ಸೇವೆ ಅಂದೇ ಶುರುವಾಗಲಿಲ್ಲ. ನಮ್ಮವರು ರಾತ್ರಿ ಬಸ್ಸು ಹತ್ತಿ ಚೆನ್ನೈಗೋ ಹೈದರಾಬಾದಿಗೋ ಹೋಗುವುದೇ ರೂಢಿಯಾಗಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ವೀಸಾ ಪುಟದ ದಿನಾಂಕ ಮಗ ಮರಳುವ ದಿನಕ್ಕಿಂತ ಮುಂದಿದ್ದರೆ ಧೈರ್ಯವಾಗಿ ಬರಲಿ. ಮುಗಿದಿದ್ದರೆ, ಕೈಯಲ್ಲಿ ಸಂದರ್ಶನದ ದಿನಾಂಕವಿಲ್ಲದೆ ವಿಮಾನ ಹತ್ತಬಾರದು. ದಿನಾಂಕ ಇದ್ದರೂ ಅದು ಮುಂದೂಡಿಕೆಯಾದರೆ ಭಾರತದಿಂದಲೇ ಎಷ್ಟು ವಾರ ಕೆಲಸ ಮಾಡಲು ಒಪ್ಪುತ್ತೀರಿ ಎಂಬುದನ್ನು ಕಂಪನಿಯಿಂದ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು. ಕುಡಿದು ವಾಹನ ಓಡಿಸಿದಂಥ ಪೊಲೀಸ್ ಪ್ರಕರಣ ಎಂದಾದರೂ ಇದ್ದಿದ್ದರೆ, ಅದು ವಜಾ ಆಗಿದ್ದರೂ ವಕೀಲರನ್ನು ಕೇಳದೆ ಹೊರಡುವುದು ಬೇಡ. ಮದುವೆ ಮನೆಯಲ್ಲಿ ಅಣ್ಣನಿಲ್ಲದ ನೋವು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ತೂಗಿ ನೋಡಬೇಕಾದವರು ನೀವು ಮತ್ತು ನಿಮ್ಮ ಮಗ, ಬೀಗರಲ್ಲ.

ಪ್ರಶ್ನೆ: ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದಳು, ಈಗ ಅವಳಿಗೆ 19. ಮಗನ ಗ್ರೀನ್ ಕಾರ್ಡ್ ಅರ್ಜಿ 2014ರದ್ದು. ಅವಳಿಗೆ 21 ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಬೀಳುತ್ತಾಳೆ ಎನ್ನುತ್ತಾರೆ. ಕನ್ನಡ ಬಿಟ್ಟರೆ ಅವಳಿಗೆ ಈ ದೇಶದ್ದು ಬೇರೇನೂ ಗೊತ್ತಿಲ್ಲ. ಏನಾದರೂ ದಾರಿ ಇದೆಯೇ? (ಅಜ್ಜಿ, ರಾಜರಾಜೇಶ್ವರಿನಗರ)

ಉತ್ತರ: ತಾಯಿ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಮೊದಲು ಈ ಸರದಿ ಏಕಿಷ್ಟು ಉದ್ದವೆಂಬುದನ್ನು ಹೇಳುತ್ತೇನೆ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಇದರಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿ ಇದೆ, ದೇಶ ಚಿಕ್ಕದಿರಲಿ ದೊಡ್ಡದಿರಲಿ ಮಿತಿ ಒಂದೇ. ಹೆಂಡತಿ ಮಕ್ಕಳ ಲೆಕ್ಕವೂ ಇದರೊಳಗೇ ಬರುತ್ತದೆ. ಹೀಗಾಗಿ 2026ರ ಆರಂಭದಲ್ಲಿಯೂ ಭಾರತೀಯರ ಇಬಿ-2 (ಉನ್ನತ ಪದವಿ ಬೇಕಾದ ಕೆಲಸಗಳ) ವರ್ಗದ ಸರದಿ 2013ರ ಅರ್ಜಿಗಳಲ್ಲೇ ನಿಂತಿತ್ತು. ನಿಮ್ಮ ಮಗನ ಅರ್ಜಿ ಅದಕ್ಕೆ ದೂರವಿಲ್ಲ, ಆದರೆ ಈ ಸರದಿ ಒಮ್ಮೊಮ್ಮೆ ಹಿಂದಕ್ಕೂ ಸರಿಯುತ್ತದೆ.

ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವುದಕ್ಕೆ ಒಂದು ಕಾನೂನು ಇದೆ. ಸರದಿ ಬಂದ ದಿನ ಮಗುವಿನ ವಯಸ್ಸು ಎಷ್ಟಿದೆಯೋ ಅದರಿಂದ, ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿ ಇಲಾಖೆಯಲ್ಲಿ ಕೊಳೆತ ಅವಧಿಯನ್ನು ಕಳೆಯಬೇಕು. ಆ ಅರ್ಜಿ ಎಂಟು ತಿಂಗಳು ಬಾಕಿ ಇದ್ದಿದ್ದರೆ ಮೊಮ್ಮಗಳಿಗೆ 21 ವರ್ಷ 8 ತಿಂಗಳ ತನಕ ಅವಕಾಶ ಸಿಗುತ್ತದೆ, ಹೆಚ್ಚಿನ ಶುಲ್ಕ ಕಟ್ಟಿ ಎರಡೇ ವಾರದಲ್ಲಿ ಮಂಜೂರು ಮಾಡಿಸಿಕೊಂಡಿದ್ದರೆ ಎರಡೇ ವಾರ. ಈಗ ಆಗಿರುವ ಬದಲಾವಣೆ ‘ಸರದಿ ಬಂದ ದಿನ’ ಯಾವುದು ಎಂಬುದರಲ್ಲಿ. ತಿಂಗಳಿಗೊಮ್ಮೆ ಹೊರಬರುವ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿಗಳಿರುತ್ತವೆ, ಅರ್ಜಿ ಹಾಕಬಹುದಾದ ದಿನಾಂಕದ ಪಟ್ಟಿ ಒಂದು, ಕಾರ್ಡ್ ಕೊಡುವ ಅಂತಿಮ ದಿನಾಂಕದ ಪಟ್ಟಿ ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಸ್ವಲ್ಪ ಮುಂದಿರುತ್ತದೆ. 2023ರಿಂದ ಮೊದಲನೆಯ ಪಟ್ಟಿಯ ಪ್ರಕಾರ ವಯಸ್ಸು ಲೆಕ್ಕ ಹಾಕುತ್ತಿದ್ದರು. 2025ರ ಆಗಸ್ಟ್ 15ರಿಂದ ಸಲ್ಲಿಸಿದ ಅರ್ಜಿಗಳಿಗೆ ಎರಡನೆಯದರ ಪ್ರಕಾರ ಹಾಕುತ್ತಿದ್ದಾರೆ. ಕೆಲವು ತಿಂಗಳ ಈ ವ್ಯತ್ಯಾಸದಲ್ಲಿಯೇ ಎಷ್ಟೋ ಮಕ್ಕಳು ಹೊರಗುಳಿಯುತ್ತಾರೆ. ಚಿಕ್ಕಂದಿನಿಂದ ಅಲ್ಲಿನ ಶಾಲೆಯಲ್ಲಿ ಓದಿ ಬೆಳೆದ ಮಕ್ಕಳನ್ನು ಹೀಗೆ ತಿಂಗಳ ಲೆಕ್ಕದಲ್ಲಿ ಬೇರ್ಪಡಿಸುವುದು ಅನ್ಯಾಯ ಎಂದು ನಾನು ಬಲವಾಗಿ ನಂಬುತ್ತೇನೆ.

ನಿಮ್ಮ ಮಗ ಈಗಲೇ ಮಾಡಬೇಕಾದ ಕೆಲಸಗಳಿವೆ. ಐ-140 ಸಲ್ಲಿಸಿದ ದಿನ ಮತ್ತು ಮಂಜೂರಾದ ದಿನ ಎರಡನ್ನೂ ತೆಗೆದು ಮೊಮ್ಮಗಳ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಸರದಿ ಬಂದರೆ ಒಂದು ವರ್ಷದೊಳಗೆ ಅವಳ ಅರ್ಜಿ ಹೋಗಲೇಬೇಕು. ಬಾರದಿದ್ದರೆ 21 ತುಂಬುವ ಮೊದಲೇ ಅವಳನ್ನು ಎಚ್-4ರಿಂದ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಲು ಅರ್ಜಿ ಹಾಕಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಕೊನೆಯ ಗಳಿಗೆಗೆ ಇಡಬಾರದು. ಇನ್ನೊಂದು ಮಾತು ಕೇಳಲೇಬೇಕು: ನಿಮ್ಮ ಸೊಸೆ ಹುಟ್ಟಿದ್ದು ಎಲ್ಲಿ? ಸರದಿಯ ಲೆಕ್ಕ ನಡೆಯುವುದು ಪೌರತ್ವದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಗಂಡ ಹೆಂಡಿರಲ್ಲಿ ಒಬ್ಬರು ಕುವೈತ್‌ನಲ್ಲೋ ದುಬೈಯಲ್ಲೋ ಹುಟ್ಟಿದ್ದರೆ ಇಡೀ ಕುಟುಂಬವನ್ನು ಆ ದೇಶದ ಸರದಿಗೆ ಸೇರಿಸಬಹುದು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೆ ಹುಟ್ಟಿದವರಿದ್ದಾರೆ, ಆದರೆ ಈ ಅನುಕೂಲ ಅವರಿಗೆ ಗೊತ್ತಿರುವುದಿಲ್ಲ.

ಸೊಸೆ ಎಚ್-4ರ ಕೆಲಸದ ಪರವಾನಗಿಯಲ್ಲಿ ದುಡಿಯುತ್ತಿದ್ದರೆ ಅವರಿಗೂ ಒಂದು ಎಚ್ಚರಿಕೆ. ನವೀಕರಣದ ಅರ್ಜಿ ಹಾಕಿದರೆ ಹಳೆಯ ಪರವಾನಗಿ ತಾನಾಗಿಯೇ 540 ದಿನ ಮುಂದುವರಿಯುತ್ತಿದ್ದ ವ್ಯವಸ್ಥೆ 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಇಲ್ಲ. ಅವಧಿ ಮುಗಿಯಲು 180 ದಿನ ಇರುವಾಗಲೇ ಅರ್ಜಿ ಹಾಕಬೇಕು.

ಪ್ರಶ್ನೆ: ಮಾನ್ಯತಾ ಟೆಕ್ ಪಾರ್ಕಿನ ಕಂಪನಿಯೊಂದರಲ್ಲಿ ಮೂರು ವರ್ಷದಿಂದ ಕೆಲಸದಲ್ಲಿದ್ದೇನೆ. ಎಚ್-1ಬಿ ಲಾಟರಿಯಲ್ಲಿ ಇನ್ನು ಮುಂದೆ ಸಂಬಳ ಹೆಚ್ಚಿದ್ದವರಿಗೇ ಸಿಗುವುದಂತೆ. ನನ್ನಂಥವರು ಆಸೆ ಬಿಡಬೇಕೇ? (ವಿಜಯನಗರ)

ಉತ್ತರ: ಹೆಚ್ಚಿದ್ದವರಿಗೇ ಸಿಗುತ್ತದೆ ಎಂಬುದು ಸರಿಯಲ್ಲ, ಅವರಿಗೆ ಸಿಗುವ ಸಂಭವ ಹೆಚ್ಚು ಎಂಬುದು ಸರಿ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿ ಹಾಗೆಯೇ ಇದೆ. 2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ನಾಲ್ಕನೆಯ ವೇತನ ಹಂತದವರ ಹೆಸರು ಆಯ್ಕೆಯ ಬುಟ್ಟಿಗೆ ನಾಲ್ಕು ಸಲ ಬೀಳುತ್ತದೆ, ಮೂರನೆಯ ಹಂತದವರದು ಮೂರು ಸಲ, ಎರಡನೆಯದು ಎರಡು ಸಲ, ಮೊದಲನೆಯದು ಒಂದು ಸಲ. ಈ ಹಂತ ಬರೀ ಸಂಬಳದ ಮೊತ್ತದಿಂದ ತೀರ್ಮಾನವಾಗುವುದಿಲ್ಲ. ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಬೇರೆಯವರಿಗೆ ಸಿಗುವ ವೇತನದೊಂದಿಗೆ ಹೋಲಿಸಿ ತೀರ್ಮಾನಿಸುತ್ತಾರೆ. ಸ್ಯಾನ್ ಹೋಸೆಯಲ್ಲಿ ಮೊದಲ ಹಂತಕ್ಕೆ ಸೇರುವ ಸಂಬಳವೇ ಒಂದು ಚಿಕ್ಕ ನಗರದಲ್ಲಿ ಮೂರನೆಯ ಹಂತಕ್ಕೆ ಸೇರಬಹುದು.

ನಿಮಗೆ ಅಡ್ಡ ಬರುವುದು ಲಾಟರಿಗಿಂತ ಹೆಚ್ಚಾಗಿ ಒಂದು ಲಕ್ಷ ಡಾಲರು. ನೀವು ಭಾರತದಲ್ಲಿರುವುದರಿಂದ, ಆ ಆದೇಶ ಜಾರಿಯಲ್ಲಿರುವವರೆಗೆ ನಿಮ್ಮ ಹೊಸ ಅರ್ಜಿಗೆ ಅದು ಅನ್ವಯಿಸುತ್ತದೆ. ಮೂರು ವರ್ಷ ಅನುಭವದವರಿಗೆ ಆ ಹಣ ಹೂಡುವ ಕಂಪನಿಗಳು ವಿರಳ. ಬದಲಿಗೆ ನಿಮ್ಮ ಕಂಪನಿಗೆ ಅಮೆರಿಕದಲ್ಲಿ ಕಚೇರಿ ಇದ್ದರೆ ಎಲ್-1 ವರ್ಗಾವಣೆ ವೀಸಾ ಬಗ್ಗೆ ಮಾನವ ಸಂಪನ್ಮೂಲ ವಿಭಾಗದಲ್ಲಿ ವಿಚಾರಿಸಿ. ಕಳೆದ ಮೂರು ವರ್ಷಗಳಲ್ಲಿ ಎಡೆಬಿಡದೆ ಒಂದು ವರ್ಷ ಅದೇ ಸಂಸ್ಥೆಯಲ್ಲಿ ದುಡಿದಿರಬೇಕೆಂಬುದು ಅದರ ಷರತ್ತು. ಅದಕ್ಕೆ ಲಾಟರಿಯೂ ಇಲ್ಲ, ಆ ಶುಲ್ಕವೂ ಇಲ್ಲ. ವಿಶೇಷ ಜ್ಞಾನದ ಎಲ್-1ಬಿ ಗರಿಷ್ಠ 5 ವರ್ಷ, ವ್ಯವಸ್ಥಾಪಕರ ಎಲ್-1ಎ 7 ವರ್ಷ.

ಪ್ರಶ್ನೆ: ನನಗೆ 33, ಗಂಡನಿಗೆ 36. ಕೆನಡಾ ಪಿಆರ್‌ಗೆ ಪ್ರಯತ್ನಿಸುತ್ತಿದ್ದೇವೆ. ಕನ್ಸಲ್ಟೆನ್ಸಿಯವರು ನಾಲ್ಕು ಲಕ್ಷ ರೂಪಾಯಿ ಕೊಟ್ಟರೆ ಅಲ್ಲಿಯ ಕಂಪನಿಯಿಂದ ಜಾಬ್ ಆಫರ್ ತರಿಸಿ 50 ಅಂಕ ಕೊಡಿಸುತ್ತೇವೆ ಎನ್ನುತ್ತಾರೆ. ಕೊಡಬಹುದೇ? (ಯಲಹಂಕ ಉಪನಗರ)

ಉತ್ತರ: ದಯವಿಟ್ಟು ಕೊಡಬೇಡಿ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ, ಅಂಕಗಳ ಮೇಲೆ ಪಿಆರ್‌ಗೆ ಆರಿಸುವ ವ್ಯವಸ್ಥೆಯಲ್ಲಿ ಜಾಬ್ ಆಫರ್‌ಗೆ ಸಿಗುತ್ತಿದ್ದ 50 ಅಥವಾ 200 ಅಂಕಗಳನ್ನು ಕೆನಡಾ 2025ರ ಮಾರ್ಚ್ 25ರಂದೇ ತೆಗೆದುಹಾಕಿದೆ. ತೆಗೆದದ್ದಕ್ಕೆ ಕಾರಣವೇ ಇಂಥ ಕಾಗದಗಳ ಮಾರಾಟ. ಇಲ್ಲದ ಅಂಕವನ್ನು ನಿಮಗೆ ಮಾರಲು ಹೊರಟಿದ್ದಾರೆ.

ನನ್ನ ಚಿಕ್ಕಪ್ಪನ ಮಗ ಕೆಲವು ವರ್ಷಗಳ ಹಿಂದೆ ಇದೇ ಊರಿನ ಒಂದು ಕಚೇರಿಗೆ ಹೀಗೆಯೇ ಹಣ ಕಟ್ಟಿದ. ಅವನಿಗೆ ಬಂದ ನೇಮಕಾತಿ ಪತ್ರವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ದಪ್ಪ ಕಾಗದ, ಬಣ್ಣದ ಲಾಂಛನ, ಆದರೆ ವಿಳಾಸದಲ್ಲಿ ಪ್ರಾಂತ್ಯದ ಹೆಸರಿನ ಕಾಗುಣಿತವೇ ತಪ್ಪು, ಕೆಳಗೆ ಕೊಟ್ಟ ಫೋನ್ ಸಂಖ್ಯೆಗೆ ಒಂದು ಅಂಕಿ ಕಡಿಮೆ. ಹಣ ಮರಳಿ ಬರಲಿಲ್ಲ. ಪುಣ್ಯಕ್ಕೆ ಆ ಪತ್ರವನ್ನು ಅವನು ಅರ್ಜಿಯ ಜೊತೆ ಸಲ್ಲಿಸಿರಲಿಲ್ಲ. ಸಲ್ಲಿಸಿದ್ದರೆ ಸುಳ್ಳು ಮಾಹಿತಿ ಕೊಟ್ಟ ಕಾರಣಕ್ಕೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತಿತ್ತು, ಶಿಕ್ಷೆ ಬೀಳುತ್ತಿದ್ದದ್ದು ಏಜೆಂಟನಿಗಲ್ಲ, ಅವನಿಗೆ. ಹಣ ಪಡೆದು ಕೆನಡಾ ಅರ್ಜಿಯ ಕೆಲಸ ಮಾಡುವವರು ಅಲ್ಲಿಯ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ವಲಸೆ ಸಲಹೆಗಾರರ ನಿಯಂತ್ರಣ ಸಂಸ್ಥೆಯಲ್ಲಿ ಪರವಾನಗಿ ಪಡೆದವರಾಗಿರಬೇಕು. ಪರವಾನಗಿ ಪಡೆದವರ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಸಿಗುತ್ತದೆ. ನಿಮ್ಮ ಕನ್ಸಲ್ಟೆನ್ಸಿಯವರ ನೋಂದಣಿ ಸಂಖ್ಯೆ ಕೇಳಿ, ಅವರ ಮುಂದೆಯೇ ಹುಡುಕಿ.

ನಿಮಗೆ ನೆರವಾಗಬಲ್ಲ ದಾರಿಗಳು ಬೇರೆ ಇವೆ. ವಯಸ್ಸಿನ ಅಂಕ 30 ಆದ ಮೇಲೆ ವರ್ಷವರ್ಷ ಇಳಿಯುವುದರಿಂದ ನಿಮ್ಮಿಬ್ಬರಲ್ಲಿ ಯಾರು ಮುಖ್ಯ ಅರ್ಜಿದಾರರಾದರೆ ಲಾಭ ಎಂಬುದನ್ನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿ. ಕೆನಡಾ ಒಟ್ಟು ಸಂಖ್ಯೆಯನ್ನು ಇಳಿಸಿದೆ. 2025ಕ್ಕೆ 3,95,000 ಇದ್ದ ಪಿಆರ್ ಗುರಿ 2026ಕ್ಕೆ 3,80,000. ಅದರಲ್ಲಿಯೂ ಆದ್ಯತೆ ಈಗಾಗಲೇ ಅಲ್ಲಿ ದುಡಿಯುತ್ತಿರುವವರಿಗೆ, ಆರೋಗ್ಯ ಕ್ಷೇತ್ರದವರಿಗೆ, ಫ್ರೆಂಚ್ ಬಲ್ಲವರಿಗೆ. 2025ರಲ್ಲಿ ಕೆನಡಾ ಅನುಭವದವರ ಸುತ್ತುಗಳಲ್ಲಿ 500ಕ್ಕೂ ಹೆಚ್ಚು ಅಂಕ ಬೇಕಾಗಿದ್ದರೆ, ಫ್ರೆಂಚ್ ಸುತ್ತುಗಳು 379ರಿಂದ 481ರ ನಡುವೆ ಮುಗಿದವು. ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಸಂಜೆ ತರಗತಿಗೆ ಸೇರಿ, ಓದು, ಬರಹ, ಮಾತು, ಆಲಿಕೆ ನಾಲ್ಕರಲ್ಲೂ ಕೆನಡಾ ಅಳತೆಯ ಏಳನೆಯ ಹಂತ ಮುಟ್ಟಲು ಒಂದೂವರೆ ವರ್ಷ ಶ್ರಮಪಡುವುದು ಸುಲಭವಲ್ಲ. ಆದರೂ ನಾಲ್ಕು ಲಕ್ಷದಲ್ಲಿ ಅತ್ಯಲ್ಪ ಭಾಗ ಖರ್ಚು ಮಾಡಿ, ಯಾರೂ ಕಿತ್ತುಕೊಳ್ಳಲಾಗದ ಅಂಕವನ್ನು ಗಳಿಸುವ ದಾರಿ ಅದು.

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮಾಡಿ ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ. ಬ್ರಿಟನ್‌ಗೆ ಮೊದಲು ಕೇರ್ ವರ್ಕರ್ (ವೃದ್ಧರು, ರೋಗಿಗಳ ಆರೈಕೆಯ ಸಹಾಯಕರು) ಆಗಿ ಹೋಗಿ ಆಮೇಲೆ ನರ್ಸ್ ಆಗಬಹುದೆಂದು ಏಜೆಂಟ್ ಹೇಳುತ್ತಾರೆ. (ಕೆಂಗೇರಿ)

ಉತ್ತರ: ಆ ದಾರಿ ಮುಚ್ಚಿದೆ. ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ನೇಮಿಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ರಿಂದ ನಿಲ್ಲಿಸಿದೆ. ಅಂದಿನಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಪದವಿ ಮಟ್ಟದ ಕೆಲಸವೇ ಆಗಿರಬೇಕು, ಸಾಮಾನ್ಯ ವೇತನ ಮಿತಿಯೂ 41,700 ಪೌಂಡ್‌ಗೆ ಏರಿದೆ. ನರ್ಸ್ ಹುದ್ದೆ ಪದವಿ ಮಟ್ಟದ್ದೇ, ಅದಕ್ಕೆ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಪ್ರತ್ಯೇಕ ವೇತನ ಶ್ರೇಣಿ ಇದೆ. ಆದ್ದರಿಂದ ನೀವು ನೇರವಾಗಿ ನರ್ಸ್ ಆಗಿಯೇ ಹೋಗಬೇಕು, ಹೋಗಬಹುದು ಕೂಡ. ನಿಮ್ಮ ರಾಜ್ಯ ನೋಂದಣಿ, ಐಇಎಲ್‌ಟಿಎಸ್ ಅಥವಾ ಓಇಟಿ ಭಾಷಾ ಪರೀಕ್ಷೆ, ಭಾರತದಲ್ಲೇ ಬರೆಯಬಹುದಾದ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಅಲ್ಲಿಗೆ ಹೋಗಿ ಪ್ರಾಯೋಗಿಕ ಪರೀಕ್ಷೆ, ಹೀಗೆ ಕ್ರಮ.

ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾವವನ್ನು ಅಲ್ಲಿಯ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿ 2026ರ ಫೆಬ್ರವರಿ 12ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸರ್ಕಾರಿ ಆರೋಗ್ಯ ಸೇವೆಯ ವೈದ್ಯರು, ನರ್ಸ್‌ಗಳು ಐದೇ ವರ್ಷಕ್ಕೆ ಅರ್ಹರಾಗುತ್ತಾರೆ ಎಂಬುದು ಅದೇ ಪ್ರಸ್ತಾವದ ಭಾಗ. ಹಾಗಾಗಿ ಖಾಸಗಿ ನರ್ಸಿಂಗ್ ಹೋಮಿಗಿಂತ ಸರ್ಕಾರಿ ಆಸ್ಪತ್ರೆಯ ಹುದ್ದೆಗೆ ಆದ್ಯತೆ ಕೊಡಿ. ಏಜೆಂಟರ ನೋಂದಣಿಯನ್ನು ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ವಯಸ್ಸು 28. ಪೀಣ್ಯದಲ್ಲಿ ಆರು ವರ್ಷದಿಂದ ಸಿಎನ್‌ಸಿ ಯಂತ್ರದ ಮೇಲೆ ಕೆಲಸ. ಜರ್ಮನಿಯ ಬ್ಲೂ ಕಾರ್ಡ್ ಸಿಗುತ್ತದೆಯೇ? (ದಾಸರಹಳ್ಳಿ)

ಉತ್ತರ: ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಪದವೀಧರರಿಗೆ. ಪದವಿಯಿಲ್ಲದೆ ಅನುಭವದ ಮೇಲೆ ಕೊಡುವುದು ಐಟಿ ಕೆಲಸದವರಿಗೆ ಮಾತ್ರ. ಆದರೆ ನಿಮ್ಮ ಪತ್ರ ಓದಿ ನನಗೆ ಸಂತೋಷವಾಯಿತು, ಏಕೆಂದರೆ 2024ರ ಜೂನ್ 1ರಿಂದ ಆರಂಭವಾದ ಚಾನ್ಸೆನ್‌ಕಾರ್ಟೆ ಎಂಬ ಅವಕಾಶದ ಕಾರ್ಡ್ ನಿಮ್ಮಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸರ್ಕಾರಿ ಮಾನ್ಯತೆಯ ಎರಡು ವರ್ಷಕ್ಕೆ ಕಡಿಮೆಯಿಲ್ಲದ ವೃತ್ತಿ ಶಿಕ್ಷಣ, ಜೊತೆಗೆ ಎ1 (ಆರಂಭಿಕ) ಹಂತದ ಜರ್ಮನ್ ಅಥವಾ ಬಿ2 (ಮೇಲ್ಮಧ್ಯಮ) ಹಂತದ ಇಂಗ್ಲಿಷ್ ಇದ್ದರೆ ಅರ್ಜಿಗೆ ಅರ್ಹತೆ. ಆಮೇಲೆ ಕನಿಷ್ಠ 6 ಅಂಕ ಬೇಕು. ನಿಮಗೆ 35 ದಾಟದ ಕಾರಣ 2 ಅಂಕ, ಕಳೆದ ಏಳು ವರ್ಷಗಳಲ್ಲಿ ಐದು ವರ್ಷ ಅದೇ ವೃತ್ತಿಯ ಅನುಭವಕ್ಕೆ 3 ಅಂಕ. ಒಂದೇ ಅಂಕದ ಕೊರತೆ. ಜರ್ಮನ್ ಭಾಷೆಯಲ್ಲಿ ಎ2 ಮುಗಿಸಿದರೆ ಅದೂ ತುಂಬುತ್ತದೆ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ನಡೆಯುತ್ತದೆ. ಪೀಣ್ಯದಿಂದ ನಮ್ಮ ಮೆಟ್ರೋದಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿದರೆ ಅಲ್ಲಿಗೆ ತಲುಪಬಹುದು.

ಆ ಕಾರ್ಡಿನಲ್ಲಿ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು. ಖರ್ಚಿಗೆಂದು ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ, ವರ್ಷಕ್ಕೆ 13,092 ಯೂರೋವನ್ನು ಬ್ಲಾಕ್ಡ್ ಅಕೌಂಟ್ ಎಂಬ, ತಿಂಗಳಿಗೆ ಇಷ್ಟೇ ಎಂದು ಮಾತ್ರ ತೆಗೆಯಬಹುದಾದ ಖಾತೆಯಲ್ಲಿ ತೋರಿಸಬೇಕು. ಇದು ದೊಡ್ಡ ಮೊತ್ತ. ಊರಿನ ಜಮೀನು ಒತ್ತೆಯಿಟ್ಟು ಹೋಗುವ ಬದಲು, ಇಲ್ಲಿಂದಲೇ ಅರ್ಜಿ ಹಾಕುತ್ತ ಕೆಲಸದ ಒಪ್ಪಂದ ಕೈಗೆ ಬಂದರೆ ಈ ಹಣವನ್ನು ತೋರಿಸುವ ಅಗತ್ಯವೇ ಬರದ ಕೆಲಸದ ವೀಸಾಕ್ಕೆ ನೇರವಾಗಿ ಹೋಗಬಹುದು. ಮುಂದೆ ಡಿಪ್ಲೊಮಾಕ್ಕೆ ಅಲ್ಲಿ ಪೂರ್ಣ ಮಾನ್ಯತೆ ಪಡೆದು ನುರಿತ ಕೆಲಸಗಾರರ ಪರವಾನಗಿಯಲ್ಲಿ ಮೂರು ವರ್ಷ ದುಡಿದು, ಪಿಂಚಣಿ ಕಂತು ಕಟ್ಟಿ, ಬಿ1 ಭಾಷೆ ಕಲಿತರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮೂರೇ ವರ್ಷಕ್ಕೆ ಪೌರತ್ವ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ವೇಗದ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ರದ್ದು ಮಾಡಿದ್ದಾರೆ. ಪೌರತ್ವಕ್ಕೆ ಈಗ ಐದು ವರ್ಷ.

ಪ್ರಶ್ನೆ: 23 ಲಕ್ಷ ರೂಪಾಯಿಗೆ ದುಬೈಯ ಜೀವನಪರ್ಯಂತ ಗೋಲ್ಡನ್ ವೀಸಾ ಸಿಗುವುದು ನಿಜವೇ? (ಫ್ರೇಜರ್ ಟೌನ್)

ಉತ್ತರ: ಸುಳ್ಳು. 2025ರ ಜುಲೈಯಲ್ಲಿ ಈ ಸುದ್ದಿ ಹಬ್ಬಿದ ಕೂಡಲೇ ಯುಎಇಯ ವಲಸೆ ಪ್ರಾಧಿಕಾರವೇ ಅದನ್ನು ಅಧಿಕೃತವಾಗಿ ನಿರಾಕರಿಸಿತು.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ, ಆಧಾರ್‌ನಲ್ಲಿ ಒಂದೇ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ವೀಸಾಕ್ಕೆ ತೊಂದರೆಯಾಗುತ್ತದೆಯೇ? (ಮಲ್ಲೇಶ್ವರ)

ಉತ್ತರ: ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಮೇಲೆ ಬರೆದ ಎಲ್ಲರಿಗೂ ಇದು ಸಂಬಂಧಿಸಿದ್ದು. ಊರಿನ ಹೆಸರು, ತಂದೆಯ ಹೆಸರು, ಆಮೇಲೆ ನಮ್ಮ ಹೆಸರು, ಇದು ನಮ್ಮ ಹಳೆಯ ಮೈಸೂರು ಕಡೆಯ ಕ್ರಮ. ಮೊದಲಿನ ಎರಡನ್ನು ಅಕ್ಷರಕ್ಕೆ ಇಳಿಸಿ ಬರೆಯುವುದು ಇಲ್ಲಿ ಯಾರಿಗೂ ವಿಚಿತ್ರವಲ್ಲ. ಹೊರದೇಶದ ಅರ್ಜಿ ನಮೂನೆಗೆ ಈ ಕ್ರಮವೇ ಗೊತ್ತಿಲ್ಲ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರು ಅಕ್ಷರ ಮುದ್ರಿಸುತ್ತಾರೆ. ಆಮೇಲೆ ಅಲ್ಲಿಯ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೀಟಿ ಎಲ್ಲದರಲ್ಲೂ ಅದೇ ನಿಮ್ಮ ಹೆಸರಾಗಿಬಿಡುತ್ತದೆ. ಒಂದೇ ಹೆಸರಿರುವ ಪಾಸ್‌ಪೋರ್ಟನ್ನು ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾಕ್ಕೆ ಒಪ್ಪುತ್ತಿಲ್ಲ.

ಆದ್ದರಿಂದ ಯಾವ ಅರ್ಜಿಗೂ ಮೊದಲು ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ತಂದೆಯ ಹೆಸರನ್ನು ಸರ್‌ನೇಮ್ ಆಗಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಹೆಚ್ಚಿನವರು ಮಾಡುವ ಕ್ರಮ. ಮೊದಲು ಆಧಾರ್‌ನಲ್ಲಿ ಅದೇ ರೀತಿ ತಿದ್ದಿಸಿ, ಆ ಹೆಸರಿನಲ್ಲೇ ಪ್ಯಾನ್ ತಿದ್ದಿಸಿ, ಆಮೇಲೆ ಲಾಲ್‌ಬಾಗ್ ರಸ್ತೆಯ ಅಥವಾ ಮಾರತ್‌ಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತಿದ್ದಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಎರಡೂ ಹೆಸರು ಒಬ್ಬರದೇ ಎಂದು ಇ-ಸ್ಟ್ಯಾಂಪ್ ಕಾಗದದ ಮೇಲೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ ಸಾಕಾಗುತ್ತದೆ. ಜನನ ಪ್ರಮಾಣಪತ್ರ ಇಲ್ಲದವರು, ಅದರಲ್ಲೂ ಹಳ್ಳಿಯ ಮನೆಯಲ್ಲೇ ಹುಟ್ಟಿದವರು, ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ. ತಂದೆತಾಯಿ ಇನ್ನೂ ಇದ್ದರೆ ಅವರಿಂದಲೇ ಜನನದ ಬಗ್ಗೆ ಪ್ರಮಾಣಪತ್ರ ಮಾಡಿಸಿ, ಯಾಕೆಂದರೆ ಹತ್ತು ವರ್ಷ ಕಳೆದು ಗ್ರೀನ್ ಕಾರ್ಡಿನ ಸರದಿ ಬಂದಾಗ ಆ ಸಹಿಯನ್ನು ಹಾಕಬೇಕಾದವರು ನಮ್ಮ ಜೊತೆ ಇರುತ್ತಾರೆಂಬ ಭರವಸೆ ಇರುವುದಿಲ್ಲ.